ಗ್ಯಾಂಗು ಬಿಟ್ಟ ಹುಡುಗ ಎಲ್ಲಿಗೆ ಹೋಗಬೇಕು?

2008ರ ಅಕ್ಟೋಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಶೆರಿಫ್ ಕೋರ್ಟಿಗೆ ಊರಿನ ಪೂರ್ವ ಭಾಗದ ಗ್ಯಾಂಗುಗಳ ಹುಡುಗರನ್ನು ಕರೆಸಿದರು. ಅವತ್ತು ಅವರ ಮೇಲೆ ಯಾವ ವಿಚಾರಣೆಯೂ ಇರಲಿಲ್ಲ. ನ್ಯಾಯಾಧೀಶರು ಪೀಠದಲ್ಲಿದ್ದರು, ಒಬ್ಬರಿಗೊಬ್ಬರು ಕಂಡರಾಗದ ಗುಂಪುಗಳು ಒಂದೇ ಸಭಾಂಗಣದಲ್ಲಿ ಕೂತಿದ್ದವು. ಪೊಲೀಸರು ನೇರವಾಗಿ ಹೇಳಿದರು: ನೀವು ಯಾರು, ಯಾರ ಜೊತೆ ತಿರುಗುತ್ತೀರಿ ಎಲ್ಲ ಗೊತ್ತಿದೆ, ಇನ್ನು ಮುಂದೆ ಒಬ್ಬ ಚಾಕು ತೆಗೆದರೂ ಅವನ ಇಡೀ ಗುಂಪನ್ನು ಬಿಡುವುದಿಲ್ಲ. ಆಸ್ಪತ್ರೆಯ ಶಸ್ತ್ರವೈದ್ಯರು ಎದ್ದು, ಚಾಕು ಮನುಷ್ಯನ ಮುಖವನ್ನು ಏನು ಮಾಡುತ್ತದೆ, ಹೊಲಿಗೆ ಹಾಕಿದ ಮೇಲೂ ಏನು ಉಳಿಯುತ್ತದೆ ಎಂದು ವಿವರಿಸಿದರು. ಒಬ್ಬ ತಾಯಿಯೂ ಮಾತಾಡಿದರು. ಹದಿಮೂರು ವರ್ಷದ ಅವರ ಮಗನ ಮೇಲೆ ಒಂದು ಗುಂಪು ಮಚ್ಚು ಬೀಸಿತ್ತು. ಅಲ್ಲಿಯವರೆಗೆ ಬಿಗಿದುಕೊಂಡು ಕೂತಿದ್ದ ಹುಡುಗರಲ್ಲಿ ಕೆಲವರು ಆಕೆಯ ಮಾತಿಗೆ ಅತ್ತುಬಿಟ್ಟರು. ಹೊರಡುವಾಗ ಎಲ್ಲರಿಗೂ ಒಂದು ಫೋನ್ ನಂಬರ್ ಸಿಕ್ಕಿತು. ಇದನ್ನು ಬಿಡಬೇಕು ಅನ್ನಿಸಿದರೆ ಫೋನ್ ಮಾಡಿ. ಕೆಲಸ, ಓದು, ಕುಡಿತ ಬಿಡಿಸುವ ಚಿಕಿತ್ಸೆ, ಯಾವುದು ಬೇಕೋ ಅದಕ್ಕೆ ಒಬ್ಬರು ನಿಮ್ಮ ಜೊತೆ ನಿಲ್ಲುತ್ತಾರೆ ಎಂಬ ಭರವಸೆ.

ಹಾಗೆ ಫೋನ್ ಮಾಡಿದವರು ಇದ್ದರು. ಮೊದಲ ಎರಡು ವರ್ಷಗಳಲ್ಲಿ ಈ ಯೋಜನೆಗೆ ಸೇರಿದ ಹುಡುಗರ ಹಿಂಸೆಯ ಪ್ರಕರಣಗಳು ಸುಮಾರು ಅರ್ಧಕ್ಕೆ ಇಳಿದವು. ಸೇರದ ಹುಡುಗರಲ್ಲೂ ಇಳಿಕೆ ಕಂಡಿತೆಂಬುದನ್ನು ಆಮೇಲೆ ಬಂದ ಅಧ್ಯಯನ ಮುಚ್ಚಿಡಲಿಲ್ಲ. ಆದರೆ ಆಯುಧ ಇಟ್ಟುಕೊಂಡು ತಿರುಗುವ ಚಾಳಿ ಸೇರಿದವರಲ್ಲೇ ಹೆಚ್ಚು ತಗ್ಗಿತ್ತು. ಯುರೋಪಿನ ಕೊಲೆಗಳ ರಾಜಧಾನಿ ಎಂದು ಕರೆಸಿಕೊಂಡಿದ್ದ ಗ್ಲಾಸ್ಗೋದಲ್ಲಿ 2005ರಲ್ಲಿ ಕ್ಯಾರಿನ್ ಮೆಕ್ಲಸ್ಕಿ ಮತ್ತು ಜಾನ್ ಕಾರ್ನಕನ್ ಪೊಲೀಸ್ ಇಲಾಖೆಯ ಒಳಗೇ ಹಿಂಸೆ ತಗ್ಗಿಸುವ ಘಟಕವೊಂದನ್ನು ಕಟ್ಟಿದ್ದರು. ಈ ಯೋಜನೆ ಹುಟ್ಟಿದ್ದು ಅಲ್ಲಿಂದಲೇ. ಹಿಂಸೆಯನ್ನು ಸಾಂಕ್ರಾಮಿಕ ರೋಗದಂತೆ ನೋಡಬೇಕು, ಬರೀ ಬಂಧಿಸಿ ಇದನ್ನು ಮುಗಿಸಲಾಗದು ಎಂಬುದು ಅವರ ನಿಲುವು. ಹೀಗೆ ಹೇಳಿದವರು ಪೊಲೀಸ್ ವ್ಯವಸ್ಥೆಯ ಒಳಗಿನವರೇ ಎಂಬುದು ಗಮನಿಸಬೇಕಾದ ಸಂಗತಿ.

ಎಳೆಯರನ್ನು ಗ್ಯಾಂಗಿನಿಂದ ಬಿಡಿಸುವುದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಈ ವಿಷಯದಲ್ಲಿ ಸುಮಾರು ನೂರು ವರ್ಷಗಳಿಂದ ನಡೆದ ಪ್ರಯತ್ನಗಳನ್ನೂ ಸೋಲುಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವ ಪ್ರಶ್ನೆ ಇದರ ಮುಂದಿನದು. ಬಿಡುವ ಹುಡುಗರು ಬೇಕಾದಷ್ಟಿದ್ದಾರೆ. ಬಿಟ್ಟು ಬಂದವನನ್ನು, ಬಿಟ್ಟಿದ್ದಾನೆಂದು ನಂಬಿ, ತಮ್ಮ ನಡುವೆ ಕರೆದು ಕೂರಿಸಿಕೊಳ್ಳುವವರು ಎಷ್ಟಿದ್ದಾರೆ?

ಒಂದು ತಪ್ಪು ತಿಳಿವಳಿಕೆಯನ್ನು ಮೊದಲು ಬದಿಗಿಡಬೇಕು. ಒಮ್ಮೆ ಒಳಗೆ ಹೋದವನು ಹೆಣವಾಗಿಯೇ ಹೊರಬರಬೇಕು ಎಂಬ ಮಾತನ್ನು ಸಿನಿಮಾಗಳು ಬಿತ್ತಿವೆ, ಗ್ಯಾಂಗಿನವರೂ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಅಮೆರಿಕದ ರಾಚೆಸ್ಟರ್, ಡೆನ್ವರ್, ಸಿಯಾಟಲ್ ನಗರಗಳಲ್ಲಿ ಸಾವಿರಾರು ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಮಾಡಿದ ಅಧ್ಯಯನಗಳು ಬೇರೆಯದನ್ನೇ ಹೇಳುತ್ತವೆ. ಗ್ಯಾಂಗಿಗೆ ಸೇರಿದ ಹುಡುಗರಲ್ಲಿ ಹೆಚ್ಚಿನವರು ಅಲ್ಲಿ ಇರುವುದು ಎರಡು ವರ್ಷಕ್ಕಿಂತ ಕಡಿಮೆ. ಸ್ಕಾಟ್ ಡೆಕ್ಕರ್, ಡೇವಿಡ್ ಪೈರೂಜ್ ಎಂಬ ಅಪರಾಧಶಾಸ್ತ್ರಜ್ಞರು ಬಿಟ್ಟುಬಂದವರನ್ನೇ ಕೇಳಿದಾಗ, ಬಹುಪಾಲು ಮಂದಿಗೆ ಹೊಡೆತವೂ ಬಿದ್ದಿರಲಿಲ್ಲ, ಬೀಳ್ಕೊಡುಗೆಯ ಶಾಸ್ತ್ರವೂ ನಡೆದಿರಲಿಲ್ಲ. ಅವರು ಮೆಲ್ಲಗೆ ದೂರವಾಗಿದ್ದರು. ಸಾಕಾಗಿತ್ತು ಎಂದವರಿದ್ದರು. ಗೆಳೆಯನೊಬ್ಬ ಸತ್ತದ್ದು ಕಾರಣ, ಮಗು ಹುಟ್ಟಿದ್ದು ಕಾರಣ, ಕೆಲಸ ಸಿಕ್ಕಿದ್ದು ಕಾರಣ, ಪೊಲೀಸರ ಕಾಟ ತಡೆಯಲಾಗದ್ದೂ ಕಾರಣ.

ಕಷ್ಟ ಶುರುವಾಗುವುದು ಆಮೇಲೆ. ಹುಡುಗ ಬಿಟ್ಟ ಸುದ್ದಿ ಹಳೆಯ ವೈರಿಗಳಿಗೆ ಮುಟ್ಟಿರುವುದಿಲ್ಲ, ಮುಟ್ಟಿದರೂ ಅವರು ನಂಬುವುದಿಲ್ಲ. ಠಾಣೆಯ ಕಡತದಲ್ಲಿ ಅವನ ಹೆಸರು ಹಾಗೇ ಇರುತ್ತದೆ. ಕೆಲಸ ಕೊಡುವವನು ಕೈ ಮೇಲಿನ ಹಚ್ಚೆ ನೋಡಿ ಆಮೇಲೆ ತಿಳಿಸುತ್ತೇನೆ ಅನ್ನುತ್ತಾನೆ. ಸಂಜೆಯಾದರೆ ಅವನನ್ನು ಹೆಸರು ಹಿಡಿದು ಕರೆಯುವವರು ಬೀದಿ ಮೂಲೆಯಲ್ಲಿ ನಿಂತ ಹಳೆಯ ಗೆಳೆಯರು ಮಾತ್ರ. ಬಾಸ್ಟನ್ನಿನಲ್ಲಿ ಗ್ಲೂಕ್ ದಂಪತಿ 1940ರ ಹೊತ್ತಿಗೆ ಅಧ್ಯಯನ ಮಾಡಿದ್ದ ಐನೂರು ತಪ್ಪುದಾರಿಯ ಹುಡುಗರ ಕಡತಗಳನ್ನು ರಾಬರ್ಟ್ ಸ್ಯಾಂಪ್ಸನ್ ಮತ್ತು ಜಾನ್ ಲಾಬ್ ಎಂಬ ಸಂಶೋಧಕರು ದಶಕಗಳ ನಂತರ ಮತ್ತೆ ತೆಗೆದರು. ಆ ಹುಡುಗರಲ್ಲಿ ಕೆಲವರನ್ನು ಎಪ್ಪತ್ತರ ಮುದುಕರಾಗಿದ್ದಾಗ ಹುಡುಕಿ ಮಾತಾಡಿಸಿದರು. ಚಿಕ್ಕಂದಿನ ಕೋಪ, ಬಡತನ, ತಂದೆಯ ಹೊಡೆತ ಇವನ್ನೆಲ್ಲ ಲೆಕ್ಕ ಹಾಕಿಯೂ ಯಾರು ಸುಧಾರಿಸುತ್ತಾರೆ ಎಂದು ಮೊದಲೇ ಹೇಳಲು ಆಗಲಿಲ್ಲ. ಮುಂದೆ ಸಿಕ್ಕಿದ ನೆಲೆಯಾದ ಕೆಲಸ, ಒಳ್ಳೆಯ ದಾಂಪತ್ಯ, ಸೈನ್ಯದ ನೌಕರಿ ಇಂಥವೇ ದಾರಿ ತಿರುಗಿಸಿದ್ದವು. ಹದಿನಾರರ ಹುಡುಗನ ಹಣೆಬರಹವನ್ನು ಹದಿನಾರಕ್ಕೇ ಓದಿಬಿಡುವವರು ಈ ಕೆಲಸವನ್ನು ಒಮ್ಮೆ ನೋಡಬೇಕು.

ಹಾಗಾದರೆ ಸಹಾಯ ಮಾಡಿದರಾಯಿತಲ್ಲ? ಅಷ್ಟು ಸುಲಭವಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಒಳ್ಳೆಯ ಮನಸ್ಸಿನ ಸಹಾಯವೇ ಕೆಡುಕಾದ ಉದಾಹರಣೆಗಳಿವೆ. ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಮತ್ತು ಸೊಮರ್‌ವಿಲ್ ಊರುಗಳಲ್ಲಿ 1939ರಿಂದ 1945ರವರೆಗೆ ನೂರಾರು ಹುಡುಗರಿಗೆ ಸಲಹೆಗಾರರನ್ನು ಕೊಟ್ಟರು, ಪಾಠ ಹೇಳಿಕೊಟ್ಟರು, ಬೇಸಿಗೆ ಶಿಬಿರಗಳಿಗೆ ಕಳಿಸಿದರು. ಸಂಶೋಧಕಿ ಜೋನ್ ಮೆಕಾರ್ಡ್ ಮೂವತ್ತು ವರ್ಷಗಳ ಮೇಲೆ ಅವರನ್ನು ಪತ್ತೆ ಮಾಡಿ ನೋಡಿದಾಗ, ಸಹಾಯ ಪಡೆದವರ ಬದುಕು ಪಡೆಯದವರ ಬದುಕಿಗಿಂತ ಹಲವು ವಿಧದಲ್ಲಿ ಕೆಟ್ಟದಾಗಿತ್ತು. ಜೈಲಿಗೆ ಕರೆದೊಯ್ದು ಕೈದಿಗಳಿಂದ ಬೈಸಿ ಹೆದರಿಸುವ ಕಾರ್ಯಕ್ರಮ 1970ರ ದಶಕದಲ್ಲಿ ನ್ಯೂಜೆರ್ಸಿಯಲ್ಲಿ ಶುರುವಾಗಿ, ಅದರ ಮೇಲೆ ತೆಗೆದ ಸಾಕ್ಷ್ಯಚಿತ್ರದಿಂದ ದೇಶವೆಲ್ಲ ಹಬ್ಬಿತು. ಅಂಥ ಕಾರ್ಯಕ್ರಮಗಳಿಗೆ ಹೋಗಿಬಂದ ಮಕ್ಕಳು ಹೋಗದವರಿಗಿಂತ ಹೆಚ್ಚೇ ತಪ್ಪು ಮಾಡಿದರೆಂದು ಪರೀಕ್ಷೆಗಳೆಲ್ಲ ಒಟ್ಟಾಗಿ ಹೇಳಿದವು.

ಈ ಸೋಲುಗಳಲ್ಲಿ ಅತಿ ಹೆಚ್ಚು ಕಲಿಸುವುದು ಲಾಸ್ ಏಂಜಲೀಸಿನದು. 1960ರ ದಶಕದ ಮೊದಲ ಭಾಗದಲ್ಲಿ ಅಲ್ಲಿ ಬೀದಿ ಕಾರ್ಯಕರ್ತರನ್ನು ನೇಮಿಸಿ, ಒಬ್ಬೊಬ್ಬರಿಗೆ ಒಂದೊಂದು ಗ್ಯಾಂಗು ಒಪ್ಪಿಸಿದರು. ಕಾರ್ಯಕರ್ತರು ನಿಜವಾಗಿ ದುಡಿದರು. ವಾರದ ಸಭೆ, ಆಟ, ನೃತ್ಯ, ಪ್ರವಾಸ ಎಲ್ಲವನ್ನೂ ಗ್ಯಾಂಗನ್ನೇ ಘಟಕವಾಗಿ ಇಟ್ಟುಕೊಂಡು ನಡೆಸಿದರು. ಮಾಲ್ಕಂ ಕ್ಲೈನ್ ಎಂಬ ಸಂಶೋಧಕರು ಲೆಕ್ಕ ತೆಗೆದಾಗ ಅಪರಾಧ ಹೆಚ್ಚಿತ್ತು. ಕಾರಣ ಹುಡುಕಿದರೆ ಅದು ಒಳ್ಳೆಯತನದಲ್ಲೇ ಇತ್ತು. ತಾನಾಗಿ ಸಡಿಲವಾಗಿ ಉದುರಿಹೋಗಬೇಕಿದ್ದ ಗುಂಪನ್ನು ವಾರಕ್ಕೊಮ್ಮೆ ಸೇರಿಸಿ, ಆಟಕ್ಕೂ ಪ್ರವಾಸಕ್ಕೂ ಕರೆದೊಯ್ದು ಗಟ್ಟಿ ಮಾಡಿದ್ದರು. ಗ್ಯಾಂಗಿನಲ್ಲಿದ್ದರೆ ಇಷ್ಟೆಲ್ಲ ಸಿಗುತ್ತದೆ ಎಂದು ಹೊಸ ಹುಡುಗರೂ ಬಂದರು. ಕ್ಲೈನ್ ಮುಂದೆ ಬೇರೊಂದು ಬಡಾವಣೆಯಲ್ಲಿ ತಿರುಗಾಮುರುಗಾ ಮಾಡಿದರು. ಗುಂಪಿನ ಸಭೆ ನಿಲ್ಲಿಸಿ ಒಬ್ಬೊಬ್ಬ ಹುಡುಗನಿಗೆ ಬೇರೆ ಬೇರೆ ಕಡೆ ಕೆಲಸ, ಪಾಠ, ಆಟದ ತಂಡ ಹುಡುಕಿಕೊಟ್ಟರು. ಬಂಧನಗಳು ಇಳಿದವು. ಯೋಜನೆ ಮುಗಿದು ಕೆಲ ಕಾಲವಾದ ಮೇಲೆ ಎಲ್ಲ ಮೊದಲಿನಂತಾಯಿತು ಎಂಬುದನ್ನೂ ಅವರೇ ಬರೆದರು. ಹುಡುಗನಿಗೆ ನೆರವಾಗಬೇಕು, ಗುಂಪಿಗೆ ಆಗಬಾರದು. ಮತ್ತು ನೆರವು ನಿಲ್ಲಬಾರದು. ಈ ಎರಡನ್ನೂ ಅಷ್ಟು ಹಿಂದೆಯೇ ಕಲಿತಾಗಿತ್ತು. ಕಲಿತದ್ದನ್ನು ಮರೆತು ಮತ್ತೆ ಮತ್ತೆ ಅದೇ ಕ್ರಿಕೆಟ್ ಪಂದ್ಯ, ಅದೇ ಶಿಬಿರ, ಅದೇ ಜಾಗೃತಿ ಭಾಷಣ ನಡೆಯುತ್ತಲೇ ಇವೆ.

ಅದೇ ಲಾಸ್ ಏಂಜಲೀಸಿನ ಪೂರ್ವ ಭಾಗದಲ್ಲಿ ಬಾಯ್ಲ್ ಹೈಟ್ಸ್ ಎಂಬ ಪ್ರದೇಶವಿದೆ. ಬಹುಪಾಲು ಮೆಕ್ಸಿಕೊ ಮೂಲದ ದುಡಿಯುವ ಜನ. ಅಲ್ಲಿನ ಪಿಕೊ ಗಾರ್ಡನ್ಸ್, ಅಲಿಸೊ ವಿಲೇಜ್ ಎಂಬ ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಅಕ್ಕಪಕ್ಕದ ಬೀದಿಗಳೇ ಬೇರೆ ಬೇರೆ ಗ್ಯಾಂಗಿನವಾಗಿದ್ದವು. 1986ರಲ್ಲಿ ಗ್ರೆಗರಿ ಬಾಯ್ಲ್ ಎಂಬ ಯುವ ಜೆಸ್ಯುಯಿಟ್ ಪಾದ್ರಿ ಅಲ್ಲಿನ ಡೊಲೊರೆಸ್ ಮಿಷನ್ ಚರ್ಚಿಗೆ ಬಂದರು. ಅವರ ಹೆಸರು ಈಗ ಜಗತ್ತಿಗೆ ಗೊತ್ತು. 2024ರಲ್ಲಿ ಅಮೆರಿಕದ ಅಧ್ಯಕ್ಷರ ಸ್ವಾತಂತ್ರ್ಯ ಪದಕವೂ ಬಂತು. ಆದರೆ ಆ ಚರ್ಚಿನ ಹೆಂಗಸರ ಹೆಸರು ಯಾರಿಗೂ ಗೊತ್ತಿಲ್ಲ, ನನ್ನ ಮಟ್ಟಿಗೆ ಕಥೆ ಶುರುವಾಗುವುದು ಅವರಿಂದ. ರಾತ್ರಿ ಗುಂಡಿನ ಸದ್ದು ಕೇಳುವ ಬೀದಿಗಳಲ್ಲಿ ಅವರು ಪ್ರಾರ್ಥನೆ ಹೇಳುತ್ತ ಗುಂಪಾಗಿ ನಡೆದರು. ಎರಡು ಗ್ಯಾಂಗುಗಳ ನಡುವೆ ಹೋಗಿ ನಿಂತರು. ಹುಡುಗರನ್ನು ಕರೆದು ಊಟಕ್ಕಿಟ್ಟರು. ನಮ್ಮ ಮಕ್ಕಳನ್ನು ಬಡಿಯಬೇಡಿ ಎಂದು ಪೊಲೀಸರ ಮುಂದೂ ನಿಂತರು. ಸತ್ತವನೂ ಕೊಂದವನೂ ಇಬ್ಬರೂ ಅದೇ ಸಮುಚ್ಚಯದ ಮಕ್ಕಳು, ಇಬ್ಬರ ಅಮ್ಮಂದಿರೂ ಭಾನುವಾರ ಒಂದೇ ಚರ್ಚಿಗೆ ಬರುವವರು. ಹೊರಗಿನಿಂದ ಬಂದ ಯಾವ ಸಂಸ್ಥೆಗೂ ಹೀಗೆ ನಡುವೆ ಹೋಗಿ ನಿಲ್ಲುವ ಹಕ್ಕು ಇರುವುದಿಲ್ಲ.

ಶಾಲೆಗಳು ಹೊರಗೆ ಹಾಕಿದ ಹುಡುಗರಿಗಾಗಿ ಚರ್ಚೇ ಒಂದು ಶಾಲೆ ತೆರೆಯಿತು. 1988ರಲ್ಲಿ ಕೆಲಸ ಕೊಡಿಸುವ ಯೋಜನೆ ಶುರುವಾಯಿತು. ಕೆಲಸ ಕೊಡುವವರು ಸಾಕಷ್ಟು ಸಿಗದಿದ್ದಾಗ, 1992ರಲ್ಲಿ ನಗರವೇ ಹೊತ್ತಿ ಉರಿದ ಗಲಭೆಯ ಬೆನ್ನಿಗೆ ಚಲನಚಿತ್ರ ನಿರ್ಮಾಪಕರೊಬ್ಬರ ಹಣದಿಂದ ಬೇಕರಿ ತೆರೆದರು. ನಿನ್ನೆವರೆಗೆ ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದ ಹುಡುಗರು ಬೆಳಗಿನ ಜಾವ ಒಂದೇ ಮೇಜಿನ ಮೇಲೆ ಹಿಟ್ಟು ನಾದಬೇಕು. ಹೋಮ್‌ಬಾಯ್ ಇಂಡಸ್ಟ್ರೀಸ್ ಎಂದು ಅದು ಬೆಳೆಯಿತು. ಬಂದವರಿಗೆ ಹದಿನೆಂಟು ತಿಂಗಳ ಕೆಲಸ, ಸಂಬಳ. ಜೊತೆಗೆ ಆಪ್ತಸಲಹೆ, ವಕೀಲರ ನೆರವು, ಓದು. ಸಂಬಳದ ಒಂದು ಭಾಗ ಈ ಸಲಹೆ ಮತ್ತು ತರಗತಿಗಳಲ್ಲಿ ಕೂತ ಹೊತ್ತಿಗೂ ಸಲ್ಲುತ್ತದೆ. ಮನಸ್ಸನ್ನು ರಿಪೇರಿ ಮಾಡಿಕೊಳ್ಳುವುದೂ ದುಡಿಮೆಯೇ ಎಂದು ಒಪ್ಪಿದ ಬೇರೆ ಉದ್ಯಮವನ್ನು ನಾನು ಕಾಣೆ.

ಅಲ್ಲಿನ ಒಂದು ಕೋಣೆಯನ್ನು ಹತ್ತಿರದಿಂದ ನೋಡಬೇಕು. ಹಚ್ಚೆ ಅಳಿಸುವ ಕೋಣೆ. ಕುತ್ತಿಗೆ, ಹಣೆ, ಕಣ್ಣಿನ ಕೆಳಗೆ ಗ್ಯಾಂಗಿನ ಹೆಸರು ಹೊಯ್ಯಿಸಿಕೊಂಡವನು ಬಸ್ಸು ಹತ್ತುವ ಹಾಗಿಲ್ಲ, ಮಗುವನ್ನು ಶಾಲೆಗೆ ಬಿಡುವ ಹಾಗಿಲ್ಲ. ಆ ಅಕ್ಷರಗಳನ್ನು ಓದಿ ಯಾರು ಬೇಕಾದರೂ ಗುಂಡು ಹಾರಿಸಬಹುದು. ಲೇಸರ್ ಕಿರಣ ಚರ್ಮದೊಳಗಿನ ಶಾಯಿಯನ್ನು ಪುಡಿ ಮಾಡುತ್ತದೆ, ಆ ಪುಡಿಯನ್ನು ದೇಹವೇ ನಿಧಾನವಾಗಿ ಹೊರಹಾಕುತ್ತದೆ. ಕಾದ ಎಣ್ಣೆ ಸಿಡಿದ ಹಾಗೆ ಉರಿ. ಒಂದು ಸಲಕ್ಕೆ ಮುಗಿಯುವುದಿಲ್ಲ. ಗಾಯ ಮಾಗಲು ವಾರಗಟ್ಟಲೆ ಬಿಟ್ಟು, ಮತ್ತೆ ಮತ್ತೆ ಬಂದು ಮುಖ ಒಡ್ಡಬೇಕು. ದೊಡ್ಡ ಹಚ್ಚೆಗಾದರೆ ಒಂದು ವರ್ಷಕ್ಕೂ ಮಿಕ್ಕಿ ಹಿಡಿಯುತ್ತದೆ. ವೈದ್ಯರು ಸ್ವಯಂಸೇವೆಯಾಗಿ ಬರುತ್ತಾರೆ, ಹುಡುಗರಿಂದ ಹಣ ತೆಗೆದುಕೊಳ್ಳುವುದಿಲ್ಲ. ಯಾರೂ ಬಲವಂತ ಮಾಡದೆ, ಅಷ್ಟು ಉರಿ ತಡೆದುಕೊಂಡು ತಿಂಗಳು ತಿಂಗಳು ಬಂದು ಕೂರುವ ಹುಡುಗನ ಮನಸ್ಸು ಬದಲಾಗಿದೆಯೇ ಎಂದು ಅನುಮಾನಿಸುವವರಿಗೆ ಇನ್ನಾವ ಸಾಕ್ಷಿ ಬೇಕು?

ಬಾಯ್ಲ್ ಕೂಡ ಶುರುವಿನಲ್ಲಿ ಸೈಕಲ್ಲೇರಿ ಗ್ಯಾಂಗುಗಳ ನಡುವೆ ಸಂಧಾನಕ್ಕೆ ಓಡಾಡಿದವರೇ. ಆಮೇಲೆ ಆ ಕೆಲಸ ಕೈಬಿಟ್ಟರು. ಸಂಧಾನಕ್ಕೆ ಕೂರಿಸಿದಷ್ಟೂ ಗ್ಯಾಂಗಿಗೆ ಉಸಿರು ಕೊಟ್ಟಂತಾಗುತ್ತದೆ, ತಾನು ಕೆಲಸ ಮಾಡುವುದು ಗ್ಯಾಂಗಿನ ಹುಡುಗರ ಜೊತೆ, ಗ್ಯಾಂಗಿನ ಜೊತೆಗಲ್ಲ ಎಂಬುದು ಅವರ ತೀರ್ಮಾನ. ಲೆಕ್ಕಪುಸ್ತಕ ಹಿಡಿದು ಕ್ಲೈನ್ ತಲುಪಿದ ಜಾಗಕ್ಕೆ ಇವರು ಹುಡುಗರನ್ನು ಮಣ್ಣು ಮಾಡಿ ಮಾಡಿ ತಲುಪಿದ್ದರು.

ಹಣದ ಮಾತನ್ನೂ ಆಡಬೇಕು. 2010ರಲ್ಲಿ ಆರ್ಥಿಕ ಹಿಂಜರಿತದ ಹೊಡೆತಕ್ಕೆ ಹೋಮ್‌ಬಾಯ್ ತನ್ನ ಮುನ್ನೂರಕ್ಕೂ ಹೆಚ್ಚು ಮಂದಿಯನ್ನು ಕೆಲಸದಿಂದ ಬಿಡಿಸಬೇಕಾಯಿತು. ಬ್ರೆಡ್ ಮಾರಿದ ದುಡ್ಡಿನಿಂದ ಇಂಥ ಸಂಸ್ಥೆ ನಡೆಯದು. ದಾನಿಗಳು ಬೇಕು, ಸರ್ಕಾರ ಬೇಕು. ಜೈಲಿಗೆ ಪ್ರತಿ ವರ್ಷ ಬಜೆಟ್ಟಿನಲ್ಲಿ ತಾನಾಗಿ ಹಣ ಬರುತ್ತದೆ, ಬೇಕರಿ ಮಾತ್ರ ಪ್ರತಿ ವರ್ಷ ಕೈಚಾಚಬೇಕು.

ಇನ್ನು ಶಿಕಾಗೊ. ಸೊಮಾಲಿಯಾದ ನಿರಾಶ್ರಿತರ ಶಿಬಿರಗಳಲ್ಲಿ ಕಾಲರಾ ತಡೆಯಲು ದುಡಿದಿದ್ದ ವೈದ್ಯ ಗ್ಯಾರಿ ಸ್ಲಟ್ಕಿನ್ ಊರಿಗೆ ಮರಳಿ ಗುಂಡೇಟಿನ ನಕ್ಷೆಗಳನ್ನು ನೋಡಿದಾಗ ಅವರಿಗೆ ಕಂಡದ್ದು ಸೋಂಕಿನ ಹರಡುವಿಕೆ. 2000ದಲ್ಲಿ ವೆಸ್ಟ್ ಗಾರ್‌ಫೀಲ್ಡ್ ಪಾರ್ಕ್ ಬಡಾವಣೆಯಲ್ಲಿ ಅವರು ಆರಂಭಿಸಿದ ಯೋಜನೆಯ ಜೀವಾಳ, ಒಂದು ಕಾಲಕ್ಕೆ ತಾವೇ ಗ್ಯಾಂಗಿನಲ್ಲಿದ್ದು ಜೈಲು ಕಂಡು ಬಂದವರು. ಯಾರಿಗೋ ಏಟು ಬಿದ್ದಿದೆ, ರಾತ್ರಿಗೆ ಸೇಡು ತೀರಿಸಲು ಹೊರಟಿದ್ದಾರೆ ಅನ್ನುವ ಸುದ್ದಿ ಇವರ ಕಿವಿಗೆ ಬೀಳುತ್ತದೆ. ಹೋಗಿ ಹುಡುಗನ ಪಕ್ಕ ಕೂರುತ್ತಾರೆ, ಬೆಳಗಾಗುವ ತನಕ ಮಾತಾಡುತ್ತಾರೆ. 2011ರಲ್ಲಿ ಸ್ಟೀವ್ ಜೇಮ್ಸ್ ಇವರ ಮೇಲೆ ಸಾಕ್ಷ್ಯಚಿತ್ರ ತೆಗೆದರು. ಈ ಮಾದರಿ ಹಲವು ದೇಶಗಳಿಗೆ ಹೋಗಿದೆ, ಫಲ ಮಾತ್ರ ಎಲ್ಲ ಕಡೆ ಒಂದೇ ಥರ ಇಲ್ಲ. ಕೆಲವು ಬಡಾವಣೆಗಳಲ್ಲಿ ಗುಂಡೇಟು ಚೆನ್ನಾಗಿ ಇಳಿಯಿತು, ಪಿಟ್ಸ್‌ಬರ್ಗಿನಂಥ ಕಡೆ ಇಳಿಯಲಿಲ್ಲ. ಮಾದರಿ ಎಷ್ಟು ಚೆನ್ನಾಗಿದ್ದರೂ ಕೆಲಸ ನಡೆಯುವುದು ಆ ಬೀದಿಯಲ್ಲಿ ಮಾತು ನಡೆಯುವ ಮನುಷ್ಯ ಸಿಕ್ಕಿದರೆ ಮಾತ್ರ, ಅಂಥವನನ್ನು ಅರ್ಜಿ ಕರೆದು ತುಂಬಿಕೊಳ್ಳಲಾಗದು.

ಅದೇ ನಗರದಲ್ಲಿ 2017ರಲ್ಲಿ ಶುರುವಾದ ರೆಡಿ ಶಿಕಾಗೊ ಎಂಬ ಯೋಜನೆಯ ಪರೀಕ್ಷೆ, ಈ ಕ್ಷೇತ್ರದಲ್ಲಿ ನನಗೆ ಗೊತ್ತಿರುವ ಅತ್ಯಂತ ಪ್ರಾಮಾಣಿಕ ಪರೀಕ್ಷೆಗಳಲ್ಲಿ ಒಂದು. ಗುಂಡೇಟು ತಿನ್ನುವ ಇಲ್ಲವೇ ಹೊಡೆಯುವ ಅಪಾಯ ಅತಿ ಹೆಚ್ಚಿರುವ 2,456 ಗಂಡಸರನ್ನು ಆರಿಸಿ, ಚೀಟಿ ಎತ್ತಿದಂತೆ ಅರ್ಧ ಮಂದಿಗೆ ಹದಿನೆಂಟು ತಿಂಗಳ ಸಂಬಳದ ಕೆಲಸ ಮತ್ತು ಸಿಟ್ಟು ಬಂದಾಗ ಒಂದು ಕ್ಷಣ ನಿಂತು ಯೋಚಿಸುವುದನ್ನು ಕಲಿಸುವ ಮನಶ್ಶಾಸ್ತ್ರೀಯ ತರಬೇತಿ ಕೊಡುತ್ತೇವೆಂದು ಕರೆದರು. ಇಂಥವರು ಬರುವುದೇ ಇಲ್ಲ ಎಂದವರ ಮಾತು ಮೊದಲು ಸುಳ್ಳಾಯಿತು. ಕರೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಂದರು. 2024ರಲ್ಲಿ ಪ್ರಕಟವಾದ ಫಲಿತಾಂಶ ಎರಡು ಮಾತು ಹೇಳಿತು. ಎಲ್ಲ ಬಗೆಯ ಗಂಭೀರ ಹಿಂಸೆಯನ್ನು ಒಟ್ಟು ಸೇರಿಸಿದ ಮುಖ್ಯ ಅಳತೆಯಲ್ಲಿ ಖಚಿತ ಇಳಿಕೆ ಸಿಗಲಿಲ್ಲ. ಗುಂಡು ಹಾರಿಸಿದ, ಕೊಲೆ ಮಾಡಿದ ಆರೋಪದ ಬಂಧನಗಳನ್ನಷ್ಟೇ ನೋಡಿದರೆ ಸುಮಾರು ಶೇಕಡಾ 65ರಷ್ಟು ಕಡಿಮೆ.

ಇದಕ್ಕಿಂತ ಮುಖ್ಯವಾದ ಸಂಗತಿ ಒಳಗಿದೆ. ಈ ಗಂಡಸರನ್ನು ಮೂರು ದಾರಿಯಲ್ಲಿ ಹುಡುಕಿದ್ದರು. ಪೊಲೀಸ್ ದಾಖಲೆಗಳನ್ನು ಜಾಲಾಡಿ ಕಂಪ್ಯೂಟರ್ ಕೆಲವರನ್ನು ಆರಿಸಿತು, ಕೆಲವರು ಜೈಲಿನಿಂದ ಬಿಡುಗಡೆಯಾಗಿ ಬರುವವರು, ಇನ್ನು ಕೆಲವರನ್ನು ಬೀದಿ ಕಾರ್ಯಕರ್ತರು ತಾವೇ ನೋಡಿ ಕರೆತಂದರು. ಕಾರ್ಯಕರ್ತರು ಕರೆತಂದವರಲ್ಲೇ ಫಲ ಅತಿ ದೊಡ್ಡದು. ಅವರಲ್ಲಿ ಇಂಥ ಬಂಧನ ಶೇಕಡಾ 79ರಷ್ಟು ಕಡಿಮೆಯಾಯಿತು, ಅವರೇ ಗುಂಡಿಗೆ ಬಲಿಯಾಗುವುದೂ ತಗ್ಗಿತು. ಯಾರಿಗೆ ಅಪಾಯ ಎಂದು ಯಂತ್ರವೂ ಹೇಳಬಲ್ಲದು. ಯಾರ ಮನಸ್ಸು ಈಗ ಹಣ್ಣಾಗಿದೆ, ಯಾರ ಹೆಂಡತಿ ಬಸುರಿ, ಯಾರು ಮೊನ್ನೆ ಗೆಳೆಯನನ್ನು ಕಳೆದುಕೊಂಡು ಮಂಕಾಗಿದ್ದಾನೆ ಎಂಬುದು ಬೀದಿಯವನಿಗೆ ಮಾತ್ರ ಗೊತ್ತು. ಸಮುದಾಯದ ನೆರವು ಅನ್ನುವಾಗ ನಾವು ಹೇಳಬೇಕಾದದ್ದು ಈ ತಿಳಿವಳಿಕೆಯನ್ನು. ಗಾಯಗೊಂಡು ಆಸ್ಪತ್ರೆ ಮಂಚದಲ್ಲಿ ಮಲಗಿದ ಹುಡುಗನ ಪಕ್ಕಕ್ಕೆ ಇಂಥವರನ್ನೇ ಕಳಿಸುವ ಪದ್ಧತಿ ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ 1990ರ ದಶಕದಲ್ಲೇ ಶುರುವಾಗಿತ್ತು. 2015ರ ಕೊನೆಗೆ ಗ್ಲಾಸ್ಗೋದ ರಾಯಲ್ ಇನ್‌ಫರ್ಮರಿ ಆಸ್ಪತ್ರೆಯ ತುರ್ತು ವಿಭಾಗಕ್ಕೂ ಅದು ಬಂತು. ಸೇಡಿನ ಯೋಚನೆ ಮತ್ತು ಬಿಡುವ ಯೋಚನೆ ಎರಡೂ ಹುಟ್ಟುವುದು ಆ ಮಂಚದ ಮೇಲೇ.

ಓಕ್‌ಲೆಂಡಿಗೆ ಸಮೀಪದ ರಿಚ್ಮಂಡ್ ನಗರ ಇನ್ನೂ ಮುಂದೆ ಹೋಯಿತು. ಗುಂಡು ಹಾರಿಸುವ ಸಂಭವ ಅತಿ ಹೆಚ್ಚಿರುವ ಬೆರಳೆಣಿಕೆಯ ಯುವಕರಿಗೆ, ತಾವೇ ಬರೆದ ಬದುಕಿನ ಯೋಜನೆಯಂತೆ ನಡೆದರೆ ಒಂಬತ್ತು ತಿಂಗಳವರೆಗೆ ತಿಂಗಳಿಗೆ ಸಾವಿರ ಡಾಲರಿನ ತನಕ ಭತ್ಯೆ. ಕೊಲ್ಲದಿರಲು ದುಡ್ಡು ಕೊಡುವುದೇ ಎಂದು ಜನ ಸಿಟ್ಟಾದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೂ ನಾನು ಯೋಜನೆಯ ಪರ. ಅದರಲ್ಲೊಂದು ಷರತ್ತು ಇತ್ತು: ಬೇರೆ ಊರು, ಬೇರೆ ದೇಶ ನೋಡಲು ಪ್ರವಾಸದ ಖರ್ಚು ಬೇಕಿದ್ದರೆ ತನ್ನನ್ನು ಕೊಲ್ಲಲು ನೋಡಿದವನ ಜೊತೆಯೇ ಹೋಗಬೇಕು.

ಮಧ್ಯ ಅಮೆರಿಕದ ಸ್ಥಿತಿ ಬೇರೆ. ಎಲ್ ಸಾಲ್ವಡೋರ್, ಗ್ವಾಟೆಮಾಲಾ, ಹೊಂಡುರಾಸ್ ದೇಶಗಳ ಗ್ಯಾಂಗುಗಳಲ್ಲಿ ಬಿಡುವವನಿಗೆ ಶವಾಗಾರವೇ ದಾರಿ ಎಂಬ ನಿಯಮ ಬರಿಯ ಬೆದರಿಕೆಯಾಗಿರಲಿಲ್ಲ. ಅಲ್ಲೂ ಒಂದು ಬಾಗಿಲು ತೆರೆದಿತ್ತು ಎಂದು ಸಮಾಜಶಾಸ್ತ್ರಜ್ಞ ರಾಬರ್ಟ್ ಬ್ರೆನೆಮನ್ ತೋರಿಸಿದರು: ಇವ್ಯಾಂಜೆಲಿಕಲ್ ಚರ್ಚು. ಹುಡುಗ ಮತಾಂತರವಾಗಿ ಸಭೆಯ ಎದುರು ಅತ್ತು ಸಾಕ್ಷಿ ಹೇಳಿದರೆ ಗ್ಯಾಂಗು ಬಿಟ್ಟುಬಿಡುತ್ತಿತ್ತು. ಆದರೆ ಕಣ್ಣಿಡುತ್ತಿತ್ತು. ಅವನು ಕುಡಿದರೆ, ಹಳೆಯ ಚಾಳಿಗೆ ಬಿದ್ದರೆ, ಚರ್ಚಿಗೆ ಹೋಗುವುದು ಬಿಟ್ಟರೆ ಮತಾಂತರ ನಾಟಕವೆಂದು ತೀರ್ಮಾನ. ಒಂದು ವಿಧದಲ್ಲಿ ಅವನ ಹೊಸ ಬದುಕಿಗೆ ಹಳೆಯ ಗ್ಯಾಂಗೇ ಕಾವಲು. ಧರ್ಮದ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಸಣ್ಣ ಚರ್ಚುಗಳು ಕೊಟ್ಟದ್ದನ್ನು ಗಮನಿಸಬೇಕು: ವಾರದಲ್ಲಿ ಹಲವು ಸಂಜೆ ಹೋಗಲು ಒಂದು ಜಾಗ, ಎಲ್ಲರ ಎದುರು ಅಳಲು ಅವಕಾಶ, ಸಹೋದರ ಎಂದು ಕರೆಯುವ ಜನ. ಗಂಡಸು ಅಳುವುದು ಹೇಡಿತನ ಎಂದು ಕಲಿತುಬಂದ ಹುಡುಗರಿಗೆ ಅದು ಸಣ್ಣದಲ್ಲ.

2022ರ ಮಾರ್ಚಿನಿಂದ ಎಲ್ ಸಾಲ್ವಡೋರ್ ತುರ್ತುಸ್ಥಿತಿ ಹೇರಿ ಎಂಬತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಜೈಲಿಗೆ ತುಂಬಿತು. ಒಂದು ಕಾಲಕ್ಕೆ ಜಗತ್ತಿನಲ್ಲೇ ಹೆಚ್ಚಿದ್ದ ಕೊಲೆ ಪ್ರಮಾಣ ಕುಸಿದುಬಿತ್ತು. ಬೀದಿಯಲ್ಲಿ ಮಕ್ಕಳು ಆಡುತ್ತಿದ್ದಾರೆ, ಅಂಗಡಿಯವರು ಹಫ್ತಾ ಕೊಡಬೇಕಿಲ್ಲ. ಇದನ್ನು ಅಲ್ಲಗಳೆಯುವವರು ಆ ದೇಶದ ಬಡವರ ಮುಖ ನೋಡಿ ಮಾತಾಡಲಾರರು. ಅದರ ಬೆಲೆಯನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ನಿರಪರಾಧಿಗಳೆಂದು ಎಂಟು ಸಾವಿರ ಮಂದಿಯನ್ನು ಬಿಟ್ಟಿದ್ದಾಗಿ 2024ರಲ್ಲಿ ಅಧ್ಯಕ್ಷರೇ ಹೇಳಿದರು. ಹತ್ತು ವರ್ಷದ ಹಿಂದೆ ಬಿಟ್ಟು ಬೇಕರಿಯಲ್ಲಿ ದುಡಿಯುತ್ತಿದ್ದವನೂ, ಪಾದ್ರಿಯಾದವನೂ ಮೈಮೇಲಿನ ಹಳೆಯ ಹಚ್ಚೆಯ ಕಾರಣಕ್ಕೆ ಇಂದು ಸಂಶಯಕ್ಕೆ ಗುರಿ. ಬಿಟ್ಟವನಿಗೂ ಬಿಡದವನಿಗೂ ವ್ಯತ್ಯಾಸವಿಲ್ಲದ ಕಡೆ ಬಿಡಿ ಎಂದು ಯಾರಿಗೆ ಹೇಳುವುದು?

ಕ್ಲೈನ್ ಪಾಠಕ್ಕೆ ತಿರುಗಿ ನಿಲ್ಲುವ ಒಂದು ಉದಾಹರಣೆಯೂ ಇದೆ. ಈಕ್ವೆಡಾರ್ 2007ರ ನಂತರ ಲ್ಯಾಟಿನ್ ಕಿಂಗ್ಸ್‌ನಂಥ ಗ್ಯಾಂಗುಗಳಿಗೆ ಸಾಂಸ್ಕೃತಿಕ ಸಂಘಗಳಾಗಿ ನೋಂದಾಯಿಸಿಕೊಳ್ಳಲು ಅವಕಾಶ ಕೊಟ್ಟು, ಓದು, ಕೆಲಸಕ್ಕೆ ನೆರವಾಯಿತು. ಹುಡುಗರು ಗುಂಪು ಬಿಡಲಿಲ್ಲ, ಹಿಂಸೆ ಬಿಟ್ಟರು. ಲಕ್ಷ ಜನಕ್ಕೆ ಹದಿನೈದರಷ್ಟಿದ್ದ ಕೊಲೆ ಪ್ರಮಾಣ 2017ರ ಹೊತ್ತಿಗೆ ಐದರ ಆಸುಪಾಸಿಗೆ ಬಂತು. ಇಳಿಕೆಗೆ ಪೊಲೀಸ್ ಸುಧಾರಣೆಯಂಥ ಬೇರೆ ಕಾರಣಗಳೂ ಇದ್ದವು. ಮಾದಕವಸ್ತು ಸಾಗಣೆಯ ಅಂತರರಾಷ್ಟ್ರೀಯ ಜಾಲ ಒಳಹೊಕ್ಕ ಮೇಲೆ ಅದೇ ದೇಶ ಭೀಕರ ಹಿಂಸೆಗೆ ಬಿದ್ದಿದೆ. ಆದ್ದರಿಂದ ಇದನ್ನು ಗೆಲುವೆಂದೂ ಸೋಲೆಂದೂ ಕರೆಯಲು ನಾನು ಸಿದ್ಧನಿಲ್ಲ. ಗುಂಪಿಗೆ ಗೌರವದ ಬೇರೆ ಕೆಲಸ ಸಿಕ್ಕಾಗ ಅದರ ಸ್ವಭಾವವೇ ಬದಲಾಗಬಹುದು ಎಂಬಷ್ಟು ಮಾತ್ರ ಇದರಿಂದ ತಿಳಿಯುತ್ತದೆ.

ಈಗ ಪಟ್ಟಿಗಳ ವಿಷಯ. ಕ್ಯಾಲಿಫೋರ್ನಿಯಾದ ಪೊಲೀಸರು ಗ್ಯಾಂಗಿನವರ ಹೆಸರುಗಳ ದತ್ತಾಂಶವೊಂದನ್ನು ಇಟ್ಟುಕೊಂಡಿದ್ದರು. 2016ರಲ್ಲಿ ರಾಜ್ಯದ ಲೆಕ್ಕಪರಿಶೋಧಕರು ಅದನ್ನು ತೆರೆದು ನೋಡಿದರೆ, ಸೇರಿಸಿದ ದಿನ ಒಂದು ವರ್ಷವೂ ತುಂಬಿರದ 42 ಮಂದಿಯ ಹೆಸರು ಅದರಲ್ಲಿತ್ತು. ಅವರಲ್ಲಿ 28 ಮಂದಿ ತಾವು ಗ್ಯಾಂಗಿನವರೆಂದು ಒಪ್ಪಿಕೊಂಡಿದ್ದಾರೆ ಎಂದು ಬರೆದಿತ್ತು. ಲಂಡನ್ ಪೊಲೀಸರು 2012ರಲ್ಲಿ ಮಾಡಿದ ಇಂಥದೇ ಪಟ್ಟಿಯಲ್ಲಿದ್ದವರು ಬಹುಪಾಲು ಕಪ್ಪು ಜನಾಂಗದ ಹುಡುಗರು. ವರ್ಷಗಳ ಟೀಕೆ, ಮೊಕದ್ದಮೆಗಳ ಬಳಿಕ 2024ರಲ್ಲಿ ಅದನ್ನು ಕೈಬಿಟ್ಟರು. ಪಟ್ಟಿಗೆ ಹೆಸರು ಸೇರಿಸಲು ನೂರು ಕಾರಣ, ತೆಗೆಯಲು ಯಾರಿಗೂ ತುರ್ತಿಲ್ಲ.

ನಮಗೂ ಈ ಪಟ್ಟಿ ಗೊತ್ತು. ಬೆಂಗಳೂರಿನಲ್ಲಿ ಅದು ರೌಡಿ ಶೀಟ್. ಒಮ್ಮೆ ಶೀಟ್ ತೆರೆದರೆ ಹಬ್ಬ ಬಂದರೂ ಚುನಾವಣೆ ಬಂದರೂ ಠಾಣೆಯಿಂದ ಕರೆ, ಪರೇಡಿನ ಸಾಲು, ಉದ್ದ ಕೂದಲಿಗೆ ಬೈಗುಳ, ಮುಚ್ಚಳಿಕೆ. ಕೇಸು ಖುಲಾಸೆಯಾದರೂ ಶೀಟ್ ಮುಚ್ಚಿಲ್ಲದವರಿದ್ದಾರೆ. ಏರಿಯಾದ ಅಣ್ಣನೊಬ್ಬನ ಹಿಂದೆ ಬೈಕಿನಲ್ಲಿ ತಿರುಗಿ, ಯಾವುದೋ ಗಲಾಟೆಯಲ್ಲಿ ಹೆಸರು ಸಿಕ್ಕಿಕೊಂಡ ಹತ್ತೊಂಬತ್ತರ ಹುಡುಗ ಮೂವತ್ತಕ್ಕೆ ಬಂದು, ಆಟೊ ಓಡಿಸುತ್ತ, ಮಗಳನ್ನು ಶಾಲೆಗೆ ಸೇರಿಸಿದ್ದರೂ ನೆರೆಹೊರೆಗೆ ಅವನು ಶೀಟರ್ರೇ. ಬಾಡಿಗೆ ಮನೆ ಕೊಡುವವರು ಹಿಂಜರಿಯುತ್ತಾರೆ. ಮತ್ತೊಂದು ಕಡೆ ಮಚ್ಚು ಹಿಡಿದ ರೀಲ್ಸಿಗೆ ಲೈಕು ಬೀಳುತ್ತದೆ. ನಮ್ಮ ಸಿನಿಮಾ ಲಾಂಗು ಹಿಡಿದವನ ಹವಾ ತೋರಿಸಿದಷ್ಟು, ಲಾಂಗು ಕೆಳಗಿಟ್ಟವನ ಮರುದಿನದ ಬೆಳಗ್ಗೆಯನ್ನು ತೋರಿಸಿಲ್ಲ. ಆ ಜಗತ್ತನ್ನು ಬಿಟ್ಟುಬಂದು ಪತ್ರಿಕೆ ನಡೆಸಿ, ಪುಸ್ತಕ ಬರೆದ ಅಗ್ನಿ ಶ್ರೀಧರ್ ಅವರಂಥವರು ಕನ್ನಡಿಗರ ಕಣ್ಣೆದುರೇ ಇದ್ದಾರೆ; ಆದರೆ ಓದು ಬರಹದ ಬಲವಿಲ್ಲದ ಸಾಮಾನ್ಯ ಹುಡುಗನಿಗೆ ಆ ದಾರಿ ತೆರೆದಿಲ್ಲ.

ಸುಪ್ರೀಂ ಕೋರ್ಟು 2024ರ ಮೇ ತಿಂಗಳಲ್ಲಿ ದೆಹಲಿಯ ಒಂದು ಪ್ರಕರಣದಲ್ಲಿ, ಇಂಥ ಹಿಸ್ಟರಿ ಶೀಟುಗಳು ಇಲಾಖೆಯ ಒಳಗಿನ ದಾಖಲೆಯಾಗಿಯೇ ಇರಬೇಕು, ಅದರಲ್ಲಿ ಅಪ್ರಾಪ್ತ ಮಕ್ಕಳ ಗುರುತು ಬಾರದಂತೆ ಎಚ್ಚರ ವಹಿಸಬೇಕು ಎಂದಿತು. ಹಿಂದುಳಿದ, ಪರಿಶಿಷ್ಟ ಸಮುದಾಯಗಳ ನಿರಪರಾಧಿಗಳ ಹೆಸರು ಯಾಂತ್ರಿಕವಾಗಿ ಸೇರುತ್ತಿರುವ ಬಗ್ಗೆ ಕಳವಳ ತೋರಿ, ಎಲ್ಲ ರಾಜ್ಯಗಳೂ ತಮ್ಮ ನಿಯಮ ಪರಿಶೀಲಿಸಬೇಕೆಂದಿತು. 2015ರ ಬಾಲನ್ಯಾಯ ಕಾಯ್ದೆ ಇನ್ನೂ ಉದಾರವಾಗಿದೆ. ತಪ್ಪು ಮಾಡಿದ ಮಗುವಿಗೆ ಆ ತೀರ್ಪಿನ ಕಾರಣದಿಂದ ಮುಂದೆ ಯಾವ ಅನರ್ಹತೆಯೂ ತಟ್ಟಬಾರದು ಎಂಬುದು ಅದರ ಸಾಮಾನ್ಯ ನಿಯಮ. ಮಕ್ಕಳನ್ನು ಅಪರಾಧಕ್ಕೆ ಬಳಸುವ ವಯಸ್ಕರಿಗೆ ಏಳು ವರ್ಷದವರೆಗೆ ಕಠಿಣ ಶಿಕ್ಷೆ, ಐದು ಲಕ್ಷ ರೂಪಾಯಿ ದಂಡ ಇಟ್ಟಿದೆ. ಹದಿನೆಂಟು ತುಂಬಿ ಬಾಲಮಂದಿರ ಬಿಡುವವರಿಗೆ ಹಣದ ನೆರವು ಕೊಟ್ಟು ಬದುಕಿಗೆ ಕೂಡಿಸಬೇಕು ಎಂಬ ಕಲಮು ಕೂಡ ಇದೆ. ಕಾನೂನಿನಲ್ಲಿ ಇಷ್ಟಿದ್ದೂ, ಬಿಡುಗಡೆಯಾದ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅವನಿಗಾಗಿ ಬಂದು ನಿಂತಿರುವುದು ಯಾರು ಎಂದು ನೋಡಿದರೆ, ಹೆಚ್ಚಿನ ಸಲ ಅದು ಅವನನ್ನು ಒಳಗೆ ಕಳಿಸಿದ ಅಣ್ಣನ ಕಡೆಯವನೇ. ವಕೀಲರ ಖರ್ಚು ನೋಡಿಕೊಂಡವನು, ಅಮ್ಮನಿಗೆ ಮನೆ ಬಾಡಿಗೆಗೆಂದು ದುಡ್ಡು ಮುಟ್ಟಿಸಿದವನು ಅವನೇ ಆಗಿದ್ದರೆ ಹುಡುಗ ಯಾರ ಬೈಕು ಹತ್ತುತ್ತಾನೆಂದು ಬೇರೆ ಹೇಳಬೇಕಿಲ್ಲ.

ಆ ಬಸ್ ಸ್ಟ್ಯಾಂಡಿನಲ್ಲಿ ಅಣ್ಣನಿಗಿಂತ ಮೊದಲು ಬಂದು ನಿಲ್ಲುವ ಇನ್ನೊಬ್ಬರು ಬೇಕು. ಅವರು ಅದೇ ಏರಿಯಾದವರಾಗಿರಬೇಕು, ಹುಡುಗನ ಅಮ್ಮನನ್ನು ಬಲ್ಲವರಾಗಿರಬೇಕು, ತಿಂಗಳ ಸಂಬಳ ಪಡೆಯುವವರಾಗಿರಬೇಕು, ಠಾಣೆಗೆ ಮಾಹಿತಿದಾರರಾಗಿರಬಾರದು. ಈ ಕೊನೆಯ ಮಾತು ಎಲ್ಲ ಊರುಗಳೂ ಕಲಿತದ್ದು: ಕಾರ್ಯಕರ್ತ ಪೊಲೀಸರ ಕಿವಿ ಎಂಬ ಅನುಮಾನ ಒಮ್ಮೆ ಬಂದರೆ ಅವನ ಕೆಲಸವೂ ಮುಗಿಯಿತು, ಪ್ರಾಣವೂ ಅಪಾಯಕ್ಕೆ ಬಿತ್ತು. ಇಲಾಖೆ ದೂರದಿಂದ ಬೆಂಬಲಿಸಬೇಕು, ವರ್ಷಕ್ಕೊಮ್ಮೆ ಶೀಟುಗಳನ್ನು ಕೂತು ನೋಡಿ, ತೆಪ್ಪಗಿರುವವರದನ್ನು ಮುಚ್ಚಬೇಕು, ಮುಚ್ಚಿದ್ದೇವೆಂದು ಬರೆದುಕೊಡಬೇಕು. ಗ್ಯಾರೇಜು, ಹೋಟೆಲು, ಕಟ್ಟಡ ಕೆಲಸದ ಮೇಸ್ತ್ರಿಗಳ ಜೊತೆ ಮೊದಲೇ ಮಾತಾಡಿಟ್ಟು, ಮೊದಲ ಹದಿನೆಂಟು ತಿಂಗಳ ಸಂಬಳದ ಒಂದು ಪಾಲನ್ನು ಸರ್ಕಾರ ಹೊರಬೇಕು. ಹುಡುಗ ನಡುವೆ ಎರಡು ಸಲ ಕೆಲಸ ಬಿಟ್ಟು ಓಡಿದರೂ ಮೂರನೆಯ ಸಲ ಕರೆದು ಕೂರಿಸಬೇಕು. ಜಾರುವುದು ಈ ದಾರಿಯ ಭಾಗವೆಂದು ಬಿಟ್ಟುಬಂದವರನ್ನು ಅಧ್ಯಯನ ಮಾಡಿದವರೆಲ್ಲ ಬರೆದಿದ್ದಾರೆ.

ಹಾಗೆ ನಿಲ್ಲುವವರನ್ನು ನೋಡಿಕೊಳ್ಳುವುದೂ ನಮ್ಮ ಹೊಣೆಯೇ. ಬಾಲ್ಟಿಮೋರಿನ ಸೇಫ್ ಸ್ಟ್ರೀಟ್ಸ್ ಯೋಜನೆಯ ಮೂವರು ಕಾರ್ಯಕರ್ತರು 2021ರ ಜನವರಿಯಿಂದ 2022ರ ಜನವರಿಯ ಒಳಗೆ ಗುಂಡಿಗೆ ಸತ್ತರು. ಇಂಥ ಕಾರ್ಯಕರ್ತರಲ್ಲಿ ಹಲವರು ಹಳೆಯ ಗಾಯಗಳನ್ನು ಹೊತ್ತೇ ಕೆಲಸಕ್ಕೆ ಬಂದವರು. ರಾತ್ರಿ ಎರಡಕ್ಕೆ ಆಸ್ಪತ್ರೆ, ಬೆಳಗ್ಗೆ ಅಂತ್ಯಸಂಸ್ಕಾರ, ಮಧ್ಯಾಹ್ನ ಸತ್ತವನ ತಮ್ಮನ ಜೊತೆ ಮಾತು. ಎಷ್ಟೋ ಊರುಗಳಲ್ಲಿ ಅವರ ಕೆಲಸದ ಅವಧಿ ಅನುದಾನದ ಅವಧಿಯಷ್ಟೇ. ಅನುದಾನ ನಿಂತ ತಿಂಗಳು ಹುಡುಗ ಫೋನ್ ಮಾಡಿದರೆ ಎತ್ತುವವರಿರುವುದಿಲ್ಲ. ಪೊಲೀಸ್ ಪೇದೆಗೆ, ಶಾಲೆಯ ಮೇಷ್ಟರಿಗೆ ಇರುವಂಥ ಕಾಯಂ ಹುದ್ದೆ, ವಿಮೆ, ರಜೆ, ಪಿಂಚಣಿ ಈ ಕೆಲಸಕ್ಕೂ ಇರಬೇಕು ಎಂದು ಕೇಳುವ ಕಾಲ ಬಂದಿದೆ. ಮುಂದಿನ ಬಜೆಟ್ಟಿನಲ್ಲಿ ಒಂದು ಜಿಲ್ಲೆಗೆ, ಬೇಡ, ಬೆಂಗಳೂರಿನ ನಾಲ್ಕು ವಾರ್ಡುಗಳಿಗೆ ಹತ್ತು ವರ್ಷದ ಮಟ್ಟಿಗೆ ಇಂಥ ಹುದ್ದೆಗಳನ್ನು ಕೊಟ್ಟು, ಶಿಕಾಗೊದವರು ಅಳೆದಂತೆ ಗೆದ್ದದ್ದನ್ನೂ ಸೋತದ್ದನ್ನೂ ಮುಚ್ಚಿಡದೆ ಅಳೆದು ಪ್ರಕಟಿಸುವುದರಿಂದ ಶುರು ಮಾಡಬಹುದು.